ಕೊಪ್ಪರಿಗೆಯ ಮೇಲ್ಪದರ

ಕೊತ್ತಂಬರಿಯನ್ನು ಅಷ್ಟು ಸಣ್ಣಗೆ ಹೆಚ್ಚಬಾರದು, ಹೆಚ್ಚಿದರೆ ಅಕ್ಕಿಯೊಳಗೆ ಕರಗಿ ಬರಿಯ ಬಣ್ಣವಾಗಿಬಿಡುತ್ತದೆ ಎಂದು ಮಫ್ರತ್ ಅತ್ತೆ ಎಷ್ಟು ಸಲ ಹೇಳಿದ್ದರೂ ಬುಲೋರಳ ಕೈ ನಿಲ್ಲಲಿಲ್ಲ. ಚಾಕು ಏರಿ ಇಳಿಯುತ್ತಿತ್ತು, ಮಣೆಯ ಮೇಲಿನ ಹಸಿರು ರಾಶಿ ಕುಗ್ಗುತ್ತಿತ್ತು, ಅಂಗೈ, ಉಗುರಿನ ಸಂದಿ ಎಲ್ಲ ಹಸಿರಾಗಿತ್ತು. ತೊಳೆದ ಅಕ್ಕಿ, ಕೆಂಡದಲ್ಲಿ ಸುಟ್ಟು ತೆಗೆದ ಕಲೀಜ, ಸಣ್ಣಗೆ ಕತ್ತರಿಸಿದ ಮಾಂಸ, ಸೊಪ್ಪು ಎಲ್ಲವನ್ನೂ ಎಣ್ಣೆ ಸುರಿದು ಕಲಸಿ ಬಟ್ಟೆಯ ಚೀಲಕ್ಕೆ ತುಂಬಿದಳು. ಅಕ್ಕಿ ಅರಳುವುದಕ್ಕೆ ಜಾಗ ಬಿಟ್ಟು ಬಾಯಿಗೆ ದಾರ ಬಿಗಿದಳು. ಬೀಡುಕಬ್ಬಿಣದ ಕೊಪ್ಪರಿಗೆಯಲ್ಲಿ ಎಲುಬು, ಕಡಲೆ ಕುದಿಯುತ್ತಿದ್ದವು. ಚೀಲವನ್ನು ಇಳಿಬಿಟ್ಟಾಗ ಅದು ಮುಳುಗದೆ, ಬೋರಲು ಮಲಗಿದ ಕೂಸಿನ ಬೆನ್ನಿನ ಹಾಗೆ ತೇಲಿತು. ಇನ್ನು ಶಲ್ಗಮ್ ಗಡ್ಡೆ ಹಾಕಬೇಕು. ಅರ್ಧರ್ಧ ಸೀಳಿದ ಗಡ್ಡೆಗಳನ್ನು ಚೀಲದ ಮೇಲೆ, ಬಟ್ಟೆಯ ಒಂದು ಎಳೆಯೂ ಕಾಣದ ಹಾಗೆ, ಹೆಂಚು ಹೊದಿಸಿದಂತೆ ಹೊದಿಸಬೇಕು; ಆಮೇಲೆ ಮುಚ್ಚಳ; ಆಮೇಲೆ ಸಣ್ಣ ಉರಿ, ನಾಳೆ, ಶನಿವಾರ, ಸಬ್ಬತ್ತಿನ ಊಟದವರೆಗೆ. ಸಿಪ್ಪೆ ತೆಗೆದ ಗಡ್ಡೆಗಳು ಬೋಗುಣಿಯ ನೀರಿನಲ್ಲಿ ಬೆಳ್ಳಗೆ ಕಾಯುತ್ತಿದ್ದವು. ಅವಳು ನೋಡಿದಳು, ಕೈ ಒರೆಸಿಕೊಂಡಳು, ಹಾಕಲಿಲ್ಲ. ಮರೆತಳೆನ್ನುವ ಹಾಗಿಲ್ಲ. ಬೇಕೆಂದೇ ಬಿಟ್ಟೆ ಎಂದು ತನಗೆ ತಾನೇ ಹೇಳಿಕೊಳ್ಳುವ ಧೈರ್ಯವೂ ಇರಲಿಲ್ಲ.

ಸಕ್ಕರೆ ಡಬ್ಬಿಯ ಹಿಂದೆ ಆ ಲಕೋಟೆ ಇತ್ತು. ಏಪ್ರಿಕಾಟ್ ಹೂ ಬಿಟ್ಟಾಗ ಅವಳೇ ಬರೆದದ್ದು. ಈಗ ಅಂಗಳದ ಮರದಲ್ಲಿ ಎಲೆಯೂ ಉಳಿದಿಲ್ಲ. ತಾಷ್ಕೆಂತಿನ ಪುಟ್ಟ ಪ್ರಕಾಶನದ ನೋದಿರಾ ಎಂಬ ಹುಡುಗಿ ಅವಳ ಹೊಸ ಕಾದಂಬರಿಯ ಬಗ್ಗೆ ಕೇಳಿದ್ದು ಎರಡೇ ಮಾತು: ರಕ್ಷಾಪುಟದ ಮೇಲೆ ಯಾರ ಹೆಸರು, ಆರನೆಯ ಅಧ್ಯಾಯ ಇರಬೇಕೋ ಬೇಡವೋ. ಸಹಿ ಹಾಕಿದ ಕಾಗದ ಕೈಗೆ ಬಂದ ಹೊರತು ಅಚ್ಚಿಗೆ ಕೊಡುವುದಿಲ್ಲ ಎಂದಿದ್ದಳು. ಬುಲೋರ್ ಅಂದೇ ಉತ್ತರ ಬರೆದಳು, ಅಂಚೆ ಚೀಟಿಯನ್ನೂ ಅಂಟಿಸಿದಳು. ಆ ಎರಡು ಕಡೆ ಮಾತ್ರ ಜಾಗ ಖಾಲಿ ಬಿಟ್ಟು, ಲಕೋಟೆಯ ಬಾಯಿ ಅಂಟಿಸದೆ, ಇಲ್ಲಿ ತಂದು ನಿಲ್ಲಿಸಿದಳು. ನಿನ್ನೆ ನೋದಿರಾ ಫೋನು ಮಾಡಿದ್ದಳು. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಅದೇ ಹೆಚ್ಚು ಚುಚ್ಚಿತು. "ಅಮ್ಮಾ, ಈ ವಾರ ನೀವು ಅಂಚೆಗೆ ಹಾಕದಿದ್ರೆ ನಾನು ಬೇರೆಯವರ ಪುಸ್ತಕ ತಗೋತೀನಿ. ಆಮೇಲೆ ಮತ್ತೆ ನಿಮ್ಮ ಸರದಿ ಯಾವಾಗ ಬರತ್ತೋ ನನಗೇ ಗೊತ್ತಿಲ್ಲ." ಈ ವಾರ ಅಂದರೆ ಇವತ್ತು. ಇವತ್ತು ಅಂದರೆ ಸಂಜೆ ಸಬ್ಬತ್ತಿನ ದೀಪ ಹಚ್ಚುವುದರೊಳಗೆ.

ಮೂವತ್ತು ವರ್ಷ ದಿನಪತ್ರಿಕೆಗೆ ಬರೆದವಳಿಗೆ ಕಾಗದದ ಮೇಲೆ ಜಾಗ ಖಾಲಿ ಬಿಡುವುದು ಗೊತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲದ ವರದಿ, ಕಾಲುವೆಗೆ ನೀರು ಬಿಟ್ಟ ಸುದ್ದಿ, ಸತ್ತವರ ಪರಿಚಯ, ರೇಷ್ಮೆ ಕಾರ್ಖಾನೆಯ ಹೆಂಗಸರ ಮಾತು, ಯಾವುದನ್ನು ಕೊಟ್ಟರೂ ಸಂಜೆಯೊಳಗೆ ತುಂಬಿಸಿ ಕೊಡುತ್ತಿದ್ದಳು. ಮೊದಲ ಲೇಖನ ಒಯ್ದುಕೊಟ್ಟ ದಿನ ಸಂಪಾದಕರು ಕನ್ನಡಕ ಹಣೆಗೇರಿಸಿ, "ಬರಹ ಚೆನ್ನಾಗಿದೆ ಮಗಳೇ, ಹೆಸರು ಸ್ವಲ್ಪ ಭಾರವಾಯ್ತು. ಬುಲೋರ್ ಫುಜೈಲೋವಾ ಅಂದ ಕೂಡಲೇ ಓದೋರು ಬರಹ ಬಿಟ್ಟು ನಿನ್ನ ಮೊಹಲ್ಲಾ ಹುಡುಕ್ತಾರೆ. ನಮ್ಮ ನದಿ ಹೆಸರು ಇಟ್ಕೊಳ್ಳೇ, ಎಲ್ಲರಿಗೂ ಸೇರಿದ್ದು" ಎಂದಿದ್ದರು. ಬೆದರಿಕೆಯಲ್ಲ ಅದು, ಅಕ್ಕರೆಯಿಂದಲೇ ಹೇಳಿದ್ದು. ಗುಲ್ನೋರಾ ಜರಫ್ಶಾನಿ ಹುಟ್ಟಿದ್ದು ಹಾಗೆ. ಎರಡು ಕಾದಂಬರಿಗಳನ್ನೂ ಗುಲ್ನೋರಾಳೇ ಬರೆದಳು. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಆ ಎರಡನೆಯ ಕಾದಂಬರಿಯನ್ನು ಓದುತ್ತ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಿದ್ದಳು. ಬುಲೋರ್ ಯಾವ ಪುಟವೆಂದು ಬಗ್ಗಿ ನೋಡಿದ್ದಳು. ನೀವು ಓದಿದ್ದೀರಾ ಎಂದು ಆಕೆಯೇ ಕೇಳಿದಳು, ಮಾತಿಗೆ ಮಾತು ಬೆಳೆದು ಹೆಸರು ಕೇಳಿದಳು, ಕೇಳಿ, "ಓ, ಯಹೂದಿ ಮೊಹಲ್ಲಾದವರಾ. ನಿಮ್ಮವರು ಕೂದಲು ಎಷ್ಟು ಚೆನ್ನಾಗಿ ಕತ್ತರಿಸ್ತಾರಪ್ಪ! ಈ ಕತೆ ಗಿತೆ ಮಾತ್ರ ನಮ್ಮ ಗುಲ್ನೋರಾ ಅಂಥೋರೇ ಬರೀಬೇಕು" ಎಂದಳು. ಹೌದು ಎಂದಿದ್ದಳು ಬುಲೋರ್. ಹೌದು ಎಂದದ್ದಲ್ಲದೆ ತನ್ನ ಕೂದಲನ್ನು ಮುಟ್ಟಿಯೂ ನೋಡಿಕೊಂಡಿದ್ದಳು. ಆ ಕೈ ಹಾಗೆ ಮೇಲೆದ್ದದ್ದು ಇಷ್ಟು ವರ್ಷವಾದರೂ, ಕೊತ್ತಂಬರಿ ಹೆಚ್ಚುವಾಗ, ಚಹಾ ಸುರಿಯುವಾಗ, ಏಕಾಏಕಿ ನೆನಪಾಗಿ ಮುಖ ಬಿಸಿಯಾಗುತ್ತದೆ.

ಮುಚ್ಚಳವಿಲ್ಲದ ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು. ಚೀಲ ಮೆಲ್ಲಗೆ ಮಗ್ಗುಲು ಬದಲಿಸಿತು. ಅದೇ ಕೊಪ್ಪರಿಗೆ, ಕಾಲು ಮುರಿದು ಬೆಸುಗೆ ಹಾಕಿಸಿದ್ದು. ಬುಖಾರಾದಿಂದ ಸಮರ್ಕಂದಕ್ಕೆ ಬರುವಾಗ ಅಜ್ಜಿ ಹೊತ್ತು ತಂದ ಒಂದೇ ವಸ್ತು. ಇತರರ ಮನೆಯಲ್ಲಿ ಚೀಲದ ಮೇಲೆ ಗಡ್ಡೆ ಹಾಕುವುದಿಲ್ಲ ಎಂದು ಬುಲೋರಳಿಗೆ ತಿಳಿದದ್ದು ಎಂಟೊಂಬತ್ತು ವರ್ಷದವಳಿದ್ದಾಗ, ಗೆಳತಿಯ ಮನೆಯಲ್ಲಿ. ಓಡಿಬಂದು ಕೇಳಿದಳು: ನಾವ್ಯಾಕೆ ಹಾಕ್ತೀವಿ? ಅಜ್ಜಿ ಉತ್ತರಿಸದೆ ಎದ್ದು ಹೋಗಿ ಬೀದಿ ಬಾಗಿಲ ಅಗಳಿ ನೋಡಿ ಬಂದಳು. ಆಮೇಲೆ, "ರುಚಿಗೆ" ಎಂದಳು. ಅಗಳಿಗೂ ರುಚಿಗೂ ಏನು ಸಂಬಂಧ ಎಂದು ಹುಡುಗಿಗೆ ಹೊಳೆಯಲಿಲ್ಲ. ಹೊಳೆದದ್ದು ಬಹಳ ವರ್ಷದ ಮೇಲೆ, ಪತ್ರಿಕೆಯ ಕೆಲಸದ ಮೇಲೆ ಬುಖಾರಾಕ್ಕೆ ಹೋಗಿ, ಹಳೆಯ ಕೇರಿಯ ಜಗಲಿಯಲ್ಲಿ ಒಬ್ಬ ಮುದುಕನ ಮಾತು ಬರೆದುಕೊಳ್ಳುತ್ತಿದ್ದಾಗ. ಬುಖಾರಾವನ್ನು ಆಳುತ್ತಿದ್ದ ಅಮೀರನ ಕಾಲದಲ್ಲಿ ಏನೋ ಒಂದು ತಪ್ಪು ಹೊರಿಸಿ, ಪ್ರಾಣವೋ ಮತವೋ ಎಂದು ಕೇಳಿದಾಗ ಮತ ಕೊಟ್ಟು ಪ್ರಾಣ ಉಳಿಸಿಕೊಂಡವರಿದ್ದರು. ಬೀದಿಯಲ್ಲಿ ಮುಸಲ್ಮಾನರು, ಅಗಳಿ ಹಾಕಿದ ಮೇಲೆ ಯಹೂದಿಗಳು. ಚಲಾ ಎಂದು ಕರೆಯುತ್ತಿದ್ದರು ಅವರನ್ನು. ಅರೆಬೆಂದದ್ದು ಎಂಬ ಹಾಗೆ, ಈಚೆಗೂ ಸಲ್ಲದ್ದು ಆಚೆಗೂ ಸಲ್ಲದ್ದು ಎಂಬ ಹಾಗೆ. "ಶುಕ್ರವಾರ ಮಧ್ಯಾಹ್ನ, ಸಬ್ಬತ್ತಿನ ಚೀಲದ ಅನ್ನ ಬೇಯ್ತಿದೆಯಾ ಅಂತ, ಅವರ ಮನೆಗಳಿಗೆ ಯಾರಾದರೂ ನುಗ್ಗಿ ಮುಚ್ಚಳ ತೆಗೆದು ನೋಡೋರು ತಾಯಿ. ತೆಗೆದ್ರೆ ಏನಿರತ್ತೆ? ಗಡ್ಡೆ ಸಾರು!" ಎಂದು ಮುದುಕ ಬೊಚ್ಚುಬಾಯಿ ತೆರೆದು ನಕ್ಕಿದ್ದ. ಬುಲೋರಳ ಪೆನ್ನು ನಿಂತಿತ್ತು. ನಗಬೇಕೆಂದು ನಕ್ಕಳು. ಆ ದಿನದ ವರದಿಯಲ್ಲಿ ಕೇರಿಯ ಹಳೆಯ ಬಾಗಿಲುಗಳ ಕೆತ್ತನೆಯ ಬಗ್ಗೆ ಬರೆದಳು.

ಬೀದಿಯಲ್ಲಿ ಜೈನಬ್, ಮನೆಯೊಳಗೆ ಸಿವ್ಯೋ ಎಂದು ಎರಡು ಹೆಸರು ಹೊತ್ತು ಬೆಳೆದ ಆ ಅಜ್ಜಿಯೇ ಆರನೆಯ ಅಧ್ಯಾಯ. ಕಾದಂಬರಿಯಲ್ಲಿ ಅವಳಿಗೆ ಮೊಹಿರಾ ಎಂದು ಹೆಸರಿಟ್ಟಿದ್ದಳು. ಆದರೂ ಗಡ್ಡೆ ಹೊದಿಸಿದ ಕೊಪ್ಪರಿಗೆ ಯಾರ ಮನೆಯದೆಂದು ಮೊಹಲ್ಲಾದಲ್ಲಿ ಯಾರಿಗೆ ತಿಳಿಯದು? ಅಂಥದೊಂದು ಅಧ್ಯಾಯ ಬರುತ್ತಿದೆಯೆಂಬ ಸುದ್ದಿ ಹೇಗೋ ಆಗಲೇ ಹಬ್ಬಿತ್ತು. ಕಳೆದ ತಿಂಗಳು, ತೀರಿಹೋದ ಒಬ್ಬರ ವರ್ಷದ ನೆನಪಿನೂಟದಲ್ಲಿ ಹಣ್ಣಿನ ಪ್ರಾರ್ಥನೆ ಮುಗಿದು ಇನ್ನೇನು ರೊಟ್ಟಿ ಮುರಿಯಬೇಕು, ಅಷ್ಟರಲ್ಲಿ ಅವಳು ಒಳಗೆ ಬಂದಾಗ ಹೆಂಗಸರ ಸಾಲು ತಟ್ಟನೆ ಸುಮ್ಮನಾಗಿತ್ತು. "ಹುಷಾರಾಗಿ ಅಗೀರಿ, ಹೇಗೆ ಅಗಿದ್ರಿ ಅಂತ ಪುಸ್ತಕದಲ್ಲಿ ಬರತ್ತೆ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವಳೂ. ಪಕ್ಕದಲ್ಲಿ ಜಾಗವಿದ್ದರೂ ಯಾರೂ ಸರಿಯಲಿಲ್ಲ. ಅವಳು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕುಳಿತು ಉಂಡಳು. ಇದ್ದದ್ದೇ ಬೆರಳೆಣಿಕೆಯ ಮನೆಗಳು, ಉಳಿದವರೆಲ್ಲ ಅಮೆರಿಕ, ಇಸ್ರೇಲು ಸೇರಿದ್ದಾರೆ. ಆ ಬೆರಳೆಣಿಕೆಯಲ್ಲೂ ಚಪ್ಪಲಿಯ ಪಕ್ಕ ಒಂದು ಜಾಗ ಖಾಲಿ ಇರುತ್ತದೆ.

"ಅಗಳಿ ಹಾಕದೆ ಕೂತಿದ್ದೀಯಲ್ಲೇ. ಯಾರು ಬೇಕಾದ್ರೂ ಬರಲಿ ಅಂತಾನಾ?"

ಮಫ್ರತ್ ಅತ್ತೆ. ತಂದೆಯ ತಂಗಿ, ಸಿವ್ಯೋ ಅಜ್ಜಿಯ ಕೊನೆಯ ಮಗಳು. ಎಂಬತ್ತು ದಾಟಿದರೂ ಶುಕ್ರವಾರ ತಪ್ಪದೆ ಎರಡು ಬೀದಿ ನಡೆದು ಬಂದು, ಅಡುಗೆಮನೆಯ ಮೂಲೆಯ ಮಣೆಯ ಮೇಲೆ ಕುಳಿತು, ಎಲ್ಲವನ್ನೂ ಮೂಸಿ, ಯಾವುದೂ ಸರಿಯಿಲ್ಲವೆಂದು ಹೇಳಿ, ಸಂಜೆ ಇಲ್ಲೇ ದೀಪ ಹಚ್ಚುತ್ತಾಳೆ. ಬುಲೋರಳ ಗಂಡ ತೀರಿದ ಮೇಲೆ ಇಬ್ಬರಿಗೂ ಒಂದೇ ದೀಪ.

"ಬನ್ನಿ ಅತ್ತೆ. ಚಹಾ ಕೊಡ್ತೀನಿ."

"ಚಹಾ ಆಮೇಲೆ. ಇದನ್ನ ನೋಡು ಮೊದಲು." ಅತ್ತೆ ಅಂಗಿಯ ಎದೆಯೊಳಗಿಂದ ಫೋನು ತೆಗೆದಳು. ನ್ಯೂಯಾರ್ಕಿನಲ್ಲಿರುವ ಮೊಮ್ಮಗ ಅಮ್ನೂನ್, ಅವನ ಪಕ್ಕ ತೆಳ್ಳನೆಯ ಹುಡುಗಿ. "ಹುಡುಗಿ ಅಜ್ಜ ದೊಡ್ಡ ಧರ್ಮಗುರು. ಏಳು ತಲೆಯಿಂದ ಧರ್ಮಗುರುಗಳ ಮನೆ. ನಮ್ಮ ಹುಡುಗ ಕ್ಷೌರದಂಗಡಿ ಇಟ್ಟೋನು, ಆದ್ರೂ ಮದುವೆಗೆ ಒಪ್ಪಿದ್ದಾರೆ. ಯಾಕೆ ಒಪ್ಪಿದ್ರು ಹೇಳು? ನಮ್ಮ ಮನೆ ಶುದ್ಧ ಅಂತ. ಆ ಪ್ರಕಾಶಕಳಿಗೆ ಬರೆದ್ಯಾ?"

"ಇನ್ನೂ ಇಲ್ಲ."

"ಬರೆದುಬಿಡು. ಆ ಅಧ್ಯಾಯ ಕಿತ್ತುಹಾಕು ಅಂತ ಬರಿ. ಮಿಕ್ಕಿದ್ದೆಲ್ಲ ಇರಲಿ. ನಾನೇನು ನಿನ್ನ ಬರವಣಿಗೆಗೆ ಅಡ್ಡ ಬಂದಿದ್ದೀನಾ ಯಾವತ್ತಾದ್ರೂ? ನಿನ್ನ ಮೊದಲನೇ ಪುಸ್ತಕ ಬಂದಾಗ ಆಳುದ್ದದ ಸಾಲು ಸಮೋಸ ಮಾಡಿ ಹಂಚಿದೋಳು ನಾನು."

"ಹೌದು ಅತ್ತೆ. ಗುಲ್ನೋರಾ ಹೆಸರಲ್ಲಿ ಹಂಚಿದ್ರಿ. ಯಾರ ಮಗಳು ಅಂತ ಕೇಳಿದೋರಿಗೆ, ಯಾರೋ ಪರಿಚಯದೋರು ಅಂದ್ರಿ."

"ಸಮೋಸ ತಿಂದೋರಿಗೆ ಹೆಸರು ಯಾಕೆ?" ಅತ್ತೆ ಸಿಡುಕಿದಳು. ಆಮೇಲೆ ದನಿ ತಗ್ಗಿಸಿ, "ಬುಲೋರ್, ಕಂದಾ, ನೋಡಿಲ್ಲಿ. ನಿನಗಿದು ಪುಸ್ತಕ. ಅವನಿಗೆ ಬದುಕು. ನಾಳೆ ಯಾವನೋ ಆ ಹುಡುಗಿ ಅಜ್ಜನ ಮುಂದೆ ಪುಸ್ತಕ ಬಿಚ್ಚಿ, ಇವರು ಚಲಾಗಳು ಕಣ್ರೀ ಅಂದ್ರೆ ಮುಗೀತು."

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಫೋನಿನ ಗಾಜಿನ ಹಿಂದೆ ಅಮ್ನೂನ್ ಹಲ್ಲು ಬಿಟ್ಟು ನಗುತ್ತಿದ್ದ. ಈ ಅಂಗಳದಲ್ಲೇ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ, ಅವಳೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಅವನ ಸುಖದ ಮೇಲೆ ಕಾಲಿಟ್ಟು ತನ್ನ ಹೆಸರಿನವರೆಗೆ ಕೈ ಚಾಚಬೇಕೇ? ಲಕೋಟೆಯೊಳಗಿನ ಖಾಲಿ ಜಾಗಗಳು ಕಣ್ಣ ಮುಂದೆ ಬಂದವು. ಕಿತ್ತುಹಾಕಿ ಎಂದು ಒಂದೇ ಪದ ಬರೆದರೆ ಸಾಕು. ಗುಲ್ನೋರಾಳ ಮೂರನೆಯ ಕಾದಂಬರಿ. ಬಸ್ಸಿನ ಹೆಂಗಸು ಇದನ್ನೂ ಓದಿ ಅಳುತ್ತಾಳೆ. ಅಷ್ಟು ಸುಲಭವಾದದ್ದು ಕೈಗೆ ಬಾರದೆ ಇಷ್ಟು ತಿಂಗಳು ಯಾಕೆ ನಿಂತಿತು ಎಂಬುದೇ ಅವಳಿಗೆ ಆಶ್ಚರ್ಯವಾಯಿತು. ಕೈಗೆ ತನಗಿಂತ ಮೊದಲೇ ಏನೋ ತಿಳಿದಿರಬೇಕು.

"ಅಷ್ಟಕ್ಕೂ ಸುಳ್ಳು ಅದು," ಅತ್ತೆ ಎದ್ದು ನಿಂತಿದ್ದಳು, ದನಿ ಏರಿತ್ತು. "ಬುಖಾರಾದ ಯಾವನೋ ಹಲ್ಲಿಲ್ಲದ ಮುದುಕ ಹೇಳ್ದ ಅಂತ ನಂಬಿಬಿಡೋದಾ? ನಮ್ಮಮ್ಮ ತಲೆ ಎತ್ತಿಕೊಂಡು ಬಂದೋಳು ಈ ಊರಿಗೆ. ನಾವು ಯಾವತ್ತೂ ಏನೂ ಮುಚ್ಚಿಟ್ಟೋರಲ್ಲ. ಯಾರಿಗೂ ಹೆದರಿದೋರಲ್ಲ. ಗಡ್ಡೆ ಹಾಕೋದು ರು..."

ಬೀದಿ ಬಾಗಿಲು ಸದ್ದಾಯಿತು.

ಆಮೇಲೆ ನಡೆದದ್ದನ್ನು ಬುಲೋರ್ ಎಷ್ಟೋ ಸಲ ಮನಸ್ಸಿನಲ್ಲಿ ನಿಧಾನ ಮಾಡಿ ನೋಡಿದಳು, ಆದರೆ ನಡೆದಾಗ ಅದು ರೆಪ್ಪೆ ಮುಚ್ಚಿ ತೆರೆದಷ್ಟು ಹೊತ್ತಿನ ಕೆಲಸ. ಅತ್ತೆ ತಿರುಗಿ ಬಾಗಿಲ ಕಡೆ ನೋಡಲಿಲ್ಲ. ಯಾರು ಎಂದು ಕೇಳಲಿಲ್ಲ. ಅರ್ಧವಾದ ಮಾತು ಬಾಯಲ್ಲೇ ಇತ್ತು. ಗಂಟು ಗಂಟಾದ ಆ ಎರಡು ಕೈಗಳು ಬೋಗುಣಿಗೆ ಹೋದವು, ಗಡ್ಡೆಗಳನ್ನು ಬಾಚಿ ತೆಗೆದವು, ಕುದಿಯುವ ನೀರಿನೊಳಕ್ಕೆ ಚೀಲದ ಬೆನ್ನನ್ನು ಒತ್ತಿ ಅದುಮಿದವು, ಒಂದರ ಪಕ್ಕ ಒಂದು ಗಡ್ಡೆ ಹೊದಿಸಿದವು, ಮುಚ್ಚಳ ಎಳೆದವು. ಹೆಚ್ಚುವ ಮಣೆಯ ಮೇಲೆ ಬಿದ್ದಿದ್ದ ಕೊತ್ತಂಬರಿಯ ದಂಟನ್ನು ಒಲೆಗೆ ತಳ್ಳಿದವು. ಬಾಗಿಲು ದಾಟಿ ಪಕ್ಕದ ಮುಸಲ್ಮಾನರ ಮನೆಯ ಸನೋಬರ್ ಅಡುಗೆಮನೆಗೆ ತಲೆ ಹಾಕುವಷ್ಟರಲ್ಲಿ ಅತ್ತೆ ಮಣೆಯ ಮೇಲೆ ಕುಳಿತು, ಕೈ ಮಡಿಲಲ್ಲಿಟ್ಟು, ಯಾವ ಕಾಲದಿಂದಲೋ ಹಾಗೇ ಕುಳಿತವಳಂತೆ ನಗುತ್ತಿದ್ದಳು.

"ಬಾ ತಾಯಿ, ಬಾ. ಇದೇನು, ಬಿಸಿ ರೊಟ್ಟಿನಾ?"

"ಈಗ ತಾನೇ ಒಲೆಯಿಂದ ತೆಗೆದೆ ಅಜ್ಜಿ. ಮೊದಲನೆ ರೊಟ್ಟಿ ನಿಮಗೇ." ಸನೋಬರ್ ಬಟ್ಟೆ ಬಿಚ್ಚಿ ಎರಡು ರೊಟ್ಟಿಗಳನ್ನು ಮೇಜಿನ ಮೇಲಿಟ್ಟಳು. ದಪ್ಪ ಹೆಂಗಸು, ಜೋರು ದನಿ, ನಕ್ಕರೆ ಚಿನ್ನದ ಹಲ್ಲು. "ಇವತ್ತೇನು ಅಡುಗೆ?"

"ಹಲ್ಲಿಲ್ಲದೋರಿಗೆ ಇನ್ನೇನಮ್ಮ. ಗಡ್ಡೆ ಸಾರು."

"ಅಯ್ಯೋ ಅಜ್ಜಿ!" ಸನೋಬರ್ ಹೊಟ್ಟೆ ಕುಲುಕಿಸಿ ನಕ್ಕಳು. "ಆ ಸಾರಿನ ಕೆಳಗೆ ಚೀಲ ಇದೆಯಲ್ಲ, ಅದ್ರಲ್ಲಿ ಒಂದು ತಟ್ಟೆ ನಾಳೆ ನನಗೂ ಎತ್ತಿಡಿ. ನಮ್ಮತ್ತೆ ಇದ್ದಾಗ ಹೇಳೋರು, ಇಡೀ ಊರಲ್ಲಿ ಈ ಮನೆ ಗಡ್ಡೆಗೆ ಮಾತ್ರ ಕೊತ್ತಂಬರಿ ಅನ್ನದ ವಾಸನೆ ಬರೋದು ಅಂತ! ಶುಕ್ರವಾರ ಆದ್ರೆ ನಮ್ಮ ಮಕ್ಕಳು ಗೋಡೆ ಹತ್ರಾನೇ ಆಡೋವು. ಬರ್ತೀನಿ ಬುಲೋರಕ್ಕ, ಒಲೆಯಲ್ಲಿ ರೊಟ್ಟಿ ಇದೆ, ಸೀದುಹೋಗತ್ತೆ." ಬಂದಷ್ಟೇ ಸದ್ದು ಮಾಡುತ್ತ ಹೋದಳು.

ಕೊಪ್ಪರಿಗೆಯ ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ಅತ್ತೆ ತನ್ನ ಕೈ ನೋಡಿಕೊಂಡಳು. ಬೆರಳ ತುದಿ ಕುದಿನೀರಿಗೆ ಕೆಂಪಾಗಿತ್ತು, ಮಣಿಕಟ್ಟಿನಿಂದ ನೀರು ತೊಟ್ಟಿಕ್ಕಿ ಲಂಗದ ಮೇಲೆ ಕಲೆಯಾಗುತ್ತಿತ್ತು. ಬುಲೋರಳಿಗೆ ಗೆದ್ದೆನೆನಿಸಬೇಕಿತ್ತು. ಅನಿಸಲಿಲ್ಲ. ಮುದುಕಿಯ ಬಟ್ಟೆ ಜಾರಿದಾಗ ನೋಡಿಬಿಟ್ಟವಳಂತೆ ನಾಚಿಕೆಯಾಯಿತು. ಗಡ್ಡೆಯನ್ನು ಬೋಗುಣಿಯಲ್ಲೇ ಬಿಟ್ಟದ್ದು ಇದಕ್ಕೇನಾ, ಈ ಕೈಗಳನ್ನು ಹೀಗೆ ಬಯಲಿಗೆಳೆಯುವುದಕ್ಕೇನಾ ಎಂದು ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಕಾಯದೆ, ತಣ್ಣೀರಲ್ಲಿ ಬಟ್ಟೆ ಅದ್ದಿ ತಂದು ಅತ್ತೆಯ ಮುಂದೆ ಕೆಳಗೆ ಕುಳಿತು ಬೆರಳುಗಳಿಗೆ ಸುತ್ತಿದಳು. ಅಮೀರನೂ ಇಲ್ಲ, ಅವನ ಸಿಪಾಯಿಗಳೂ ಇಲ್ಲ, ಆಮೇಲೆ ಬಂದು ದೇವರ ಹೆಸರೆತ್ತಬಾರದೆಂದವರೂ ಹೋದರು. ಗೋಡೆಯಾಚೆಯವರಿಗೆ ಎಲ್ಲ ಮೊದಲಿಂದ ಗೊತ್ತು. ಆದರೂ ಬಾಗಿಲು ಸದ್ದಾದರೆ ಈ ಕೈ ಓಡುತ್ತದೆ. ಬಸ್ಸಿನಲ್ಲಿ ತನ್ನ ಕೈ ಕೂದಲಿಗೆ ಓಡಿತ್ತಲ್ಲ, ಹಾಗೆ. ಮೂವತ್ತು ವರ್ಷ ಒಂದರ ಪಕ್ಕ ಒಂದು ಗುಲ್ನೋರಾ, ಗುಲ್ನೋರಾ, ಗುಲ್ನೋರಾ ಎಂದು ಹೊದಿಸುತ್ತ ಬಂದವಳು ಇನ್ನೊಬ್ಬರ ಗಡ್ಡೆಯ ಬಗ್ಗೆ ಅಧ್ಯಾಯ ಬರೆದಿದ್ದಾಳೆ.

"ಅತ್ತೆ, ನಾನು ಅಂಚೆ ಕಚೇರಿಗೆ ಹೋಗ್ತೀನಿ," ಎಂದಳು. ಜೋರಾಗಿ ಹೇಳಲಿಲ್ಲ. "ಅಧ್ಯಾಯ ಇರತ್ತೆ. ರಕ್ಷಾಪುಟದ ಮೇಲೆ ನನ್ನ ಹೆಸರಿರತ್ತೆ. ನನ್ನದೇ."

ಅತ್ತೆ ಕೈ ಎಳೆದುಕೊಂಡಳು. "ಮದುವೆ ಮುರೀತು ಅಂದ್ರೆ?"

"ಇವತ್ತೇ ರಾತ್ರಿ, ಅಲ್ಲ, ಫೋನು ಮುಟ್ಟೋ ಹಾಗಿಲ್ಲ, ಸಬ್ಬತ್ ಕಳೆದ ಮೇಲೆ, ನಾನೇ ಅಮ್ನೂನ್‌ಗೆ ಫೋನು ಮಾಡ್ತೀನಿ. ಅವನು ಹುಡುಗಿಗೆ ಮೊದಲೇ ಹೇಳ್ಲಿ. ಪುಸ್ತಕದಿಂದ ತಿಳಿಯೋದು ಬೇಡ."

"ಹೇಳಿದ್ಮೇಲೂ ಮುರಿದ್ರೆ?"

"ಮುರಿದ್ರೆ ನನ್ನಿಂದ ಮುರೀತು ಅಂತ ಹೇಳಿ. ನಾನು ಅಲ್ಲ ಅನ್ನಲ್ಲ."

ಅತ್ತೆ ಬೆರಳಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು. ರೊಟ್ಟಿಯ ತುದಿ ಮುರಿದಳು, ತಿನ್ನಲಿಲ್ಲ. ಬುಲೋರ್ ಲಕೋಟೆ ತೆಗೆದುಕೊಂಡು, ಕೋಟು ಹಾಕಿಕೊಂಡು, ಗುಂಡಿ ಹಾಕುವ ನೆವದಲ್ಲಿ ನಿಂತೇ ಇದ್ದಳು, ಅನುಮತಿಗಲ್ಲ, ಬೈಗುಳಕ್ಕಾದರೂ ಕಾಯುತ್ತ.

"ನಮ್ಮಮ್ಮನಿಗೆ ಏನು ಹೆಸರಿಟ್ಟಿದ್ದೀಯಾ ಅದ್ರಲ್ಲಿ?"

"ಮೊಹಿರಾ."

"ಯಾವ ಮೊಹಿರಾ?" ಅತ್ತೆ ತಲೆ ಎತ್ತಿದಳು. ಕಣ್ಣು ಒದ್ದೆಯಾಗಿರಲಿಲ್ಲ, ಉರಿಯುತ್ತಿತ್ತು. "ಬೀದಿಗೊಂದು ಮನೆಗೊಂದು ಅಂತ ಎರಡು ಹೆಸರು ಹೊತ್ತು ಸತ್ತಳು ನಮ್ಮಮ್ಮ. ಮೂರನೇದೊಂದು ಬೇರೆ ಬೇಕಿತ್ತಾ ಅವಳಿಗೆ? ರಕ್ಷಾಪುಟದ ಮೇಲೆ ನಿನ್ನ ಹೆಸರು ಸ್ವಂತದ್ದು, ಬುಲೋರ್ ಫುಜೈಲೋವಾ ಅಂತ ಮೆರೆಸ್ತೀಯಾ. ನಮ್ಮಮ್ಮನ ಮೇಲೆ ಮಾತ್ರ ಗಡ್ಡೆ ಹೊದಿಸ್ತೀಯಾ?"

ಬುಲೋರ್ ಗುಂಡಿ ಹಿಡಿದ ಬೆರಳನ್ನು ಅಲ್ಲೇ ಬಿಟ್ಟಳು.

"ನನಗೆ ನಿನ್ನ ಪುಸ್ತಕ ಬೇಡ. ಈಗಲೂ ಬೇಡ," ಅತ್ತೆ ಗೋಡೆಯ ಕಡೆ ತಿರುಗಿದಳು. "ಹೋಗೋದಾದ್ರೆ ಬೇಗ ಹೋಗು. ಹೊತ್ತು ಮುಳುಗೋಕ್ಕೆ ಮುಂಚೆ ಬಾ. ನಾನೊಬ್ಬಳೇ ದೀಪ ಹಚ್ಚಲ್ಲ. ಬಾಗಿಲು ಹಾಕ್ಕೊಂಡು... ಬೇಡ, ಬಿಡು. ತೆಗೆದೇ ಇರಲಿ. ಹಬೆ ತುಂಬಿದೆ."

ಬೀದಿಯಲ್ಲಿ ನೆರಳು ಉದ್ದವಾಗಿತ್ತು. ಹಳೆಯ ಸಾರ್ವಜನಿಕ ಸ್ನಾನಗೃಹದ ಮುಂದೆ ಕಿತ್ತಳೆ ಬಣ್ಣದ ಪರ್ಸಿಮನ್ ಹಣ್ಣು ಮಾರುವವನು ಗಾಡಿ ಕಟ್ಟುತ್ತಿದ್ದ. ಬುಲೋರ್ ಓಡಲಿಲ್ಲ, ಓಡುವ ವಯಸ್ಸೂ ಅಲ್ಲ. ಆದರೆ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಮೆಟ್ಟಿಲು ಇಳಿಯುತ್ತಿದ್ದ ಆ ನಡಿಗೆ ಕಾಲಿಗೆ ತಾನಾಗಿ ಬಂತು. ಹೋಗುತ್ತ ಹೋಗುತ್ತ ಅಮ್ನೂನ್‌ಗೆ ಏನು ಹೇಳಬೇಕೆಂದು ಹೊಂದಿಸಿಕೊಂಡಳು. ಮೊದಲ ವಾಕ್ಯ ಸರಿಬರಲಿಲ್ಲ, ಎರಡನೆಯದೂ. ಇರಲಿ. ಸರಿಯಿಲ್ಲದ ವಾಕ್ಯದಿಂದಲೇ ಶುರುಮಾಡಿದರಾಯಿತು.

ಅಂಚೆ ಕಚೇರಿಯಲ್ಲಿ ದೀಪಗಳನ್ನು ಅರ್ಧ ಆರಿಸಿದ್ದರು. ಕಿಟಕಿಯ ಹಿಂದಿನ ಹುಡುಗಿ ಕೈಚೀಲಕ್ಕೆ ಲಿಪ್‌ಸ್ಟಿಕ್ಕು, ಬಾಚಣಿಗೆ ತುಂಬಿಕೊಳ್ಳುತ್ತಿದ್ದಳು.

"ಮುಚ್ಚಿಬಿಟ್ವಲ್ಲಮ್ಮ."

"ಇನ್ನೂ ಮುಚ್ಚಿಲ್ಲ, ನೀನಿನ್ನೂ ಕೂತಿದ್ದೀಯಾ. ಒಂದು ಪೆನ್ನು ಕೊಡು ತಾಯಿ."

ಹುಡುಗಿ ನಿಟ್ಟುಸಿರು ಬಿಟ್ಟು ದಾರ ಕಟ್ಟಿದ ಪೆನ್ನನ್ನು ಮುಂದೆ ತಳ್ಳಿದಳು. ದಾರ ಗಿಡ್ಡ. ಬುಲೋರ್ ಕಿಟಕಿಗೆ ಒರಗಿ, ಬಗ್ಗಿ, ಕಾಗದ ಬಿಡಿಸಿದಳು. ಅಧ್ಯಾಯಕ್ಕೆಂದು ಬಿಟ್ಟ ಖಾಲಿ ಜಾಗದಲ್ಲಿ, ಇರಲಿ ಎಂದು ಬರೆದಳು. ಇನ್ನೊಂದರಲ್ಲಿ ತನ್ನ ಹೆಸರು ಬರೆದಳು. ಅಕ್ಷರಗಳು ಶಾಲೆಯ ಹುಡುಗಿಯ ಬರಹದಂತೆ ದೊಡ್ಡದಾಗಿ ಬಂದವು. ಅಂಚಿನಲ್ಲಿ ಉಳಿದ ಬಿಳಿಯ ಪಟ್ಟಿಯಲ್ಲಿ, ಸಾಲು ಡೊಂಕಾಗುತ್ತಿದ್ದರೂ ನಿಲ್ಲಿಸದೆ, ಹೀಗೆ ಸೇರಿಸಿದಳು: ಆರನೆಯ ಅಧ್ಯಾಯದಲ್ಲಿ ಮೊಹಿರಾ ಎಂದಿರುವ ಕಡೆಯೆಲ್ಲ ಸಿವ್ಯೋ ಎಂದು ಮಾಡಿ. ಬೀದಿಯಲ್ಲಿ ಅವಳನ್ನು ಕರೆಯುವವರು ಜೈನಬ್ ಎಂದು ಕರೆಯಲಿ. ಬೇರೆ ಹೆಸರು ಬೇಡ. ಕಾಗದ ಮಡಿಸುವಾಗ ಬೆರಳಿನ ಹಸಿರು ಅದರ ಮೂಲೆಗೆ ಹತ್ತಿತು. ಲಕೋಟೆಯ ಅಂಟಿಗೆ ನಾಲಗೆ ತಾಗಿಸಿದಳು. ಕೊತ್ತಂಬರಿಯ ರುಚಿ.

"ರಿಜಿಸ್ಟರ್ ಮಾಡ್ಲಾ? ಹಾಗಾದ್ರೆ ಕಳಿಸೋರ ಹೆಸರು ಹೇಳಿ, ಬೇಗ."

"ಬುಲೋರ್ ಫುಜೈಲೋವಾ," ಎಂದಳು. ಖಾಲಿ ಕೋಣೆಯಲ್ಲಿ ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ನಿಲ್ಲಬಹುದಿತ್ತು, ನಿಲ್ಲಲಿಲ್ಲ. "ಸಿವ್ಯೋ ಮೊಮ್ಮಗಳು."

"ಅಜ್ಜಿ ಹೆಸರು ಬೇಡಮ್ಮ," ಹುಡುಗಿ ತಲೆ ಎತ್ತದೆ ಅಂದಳು, "ಮನೆ ನಂಬರು ಸಾಕು." ಮೊಹರನ್ನು ಎರಡು ಸಲ ಗುದ್ದಿ, ಲಕೋಟೆಯನ್ನು ಹಿಂದಿದ್ದ ಗೋಣಿಯೊಳಕ್ಕೆ, ತಿರುಗಿಯೂ ನೋಡದೆ, ಎಸೆದಳು.